ಜೆಪಿಜಿ, ಪಿಎನ್‌ಜಿ, ಪಿಡಿಎಫ್, ಸಿಡಿಆರ್: ಯಾವ ಕೆಲಸಕ್ಕೆ ಯಾವ ಫೋಟೊ ಫೈಲ್? ಇಲ್ಲಿದೆ ಪೂರ್ತಿ ಮಾಹಿತಿ

ಅರ್ಜಿ ಹಾಕಲು ಕೊನೆಯ ದಿನ. ಸೈಬರ್ ಸೆಂಟರ್ ಮುಂದೆ ಸಾಲು. ಹೆಸರು, ವಿಳಾಸ, ಅಂಕ ಎಲ್ಲಾ ತುಂಬಿ ಮುಗಿದು ಫೋಟೊ ಹಾಕುವ ಹೊತ್ತಿಗೆ 'ಇನ್‌ವ್ಯಾಲಿಡ್ ಫೈಲ್ ಫಾರ್ಮ್ಯಾಟ್' ಅಂತ ಕೆಂಪು ಅಕ್ಷರ ಬರುತ್ತೆ. ಫೋಟೊ ಚೆನ್ನಾಗಿಯೇ ಇದೆ, ಮೊಬೈಲ್‌ನಲ್ಲಿ ಕಾಣ್ತಾನೂ ಇದೆ. ಆದರೂ ವೆಬ್‌ಸೈಟ್ ತೆಗೆದುಕೊಳ್ಳುವುದಿಲ್ಲ.

ಫ್ಲೆಕ್ಸ್ ಅಂಗಡಿಯಲ್ಲಿ ಇನ್ನೊಂದು ಕಥೆ. ಅಂಗಡಿಯ ಹೆಸರಿನ ಲೋಗೊ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ, "ಸರ್, ಇದು ಕ್ಲಿಯರ್ ಬರಲ್ಲ, ಒರಿಜಿನಲ್ ಫೈಲ್ ಕಳ್ಸಿ" ಅನ್ನುತ್ತಾರೆ. ಮೊಬೈಲ್‌ನಲ್ಲಿ ಇರುವುದೇ ಒರಿಜಿನಲ್ ಅಲ್ವಾ ಅನ್ನುವುದು ಮಾಲೀಕರ ಪ್ರಶ್ನೆ.

ಎರಡೂ ಕಡೆ ತೊಂದರೆ ಒಂದೇ. ಫೋಟೊ ನೋಡಲು ಒಂದೇ ಥರ ಕಂಡರೂ ಅದನ್ನು ಕಂಪ್ಯೂಟರ್ ಹಿಡಿದಿಟ್ಟುಕೊಳ್ಳುವ ರೀತಿ ಬೇರೆ ಬೇರೆ. ಆ ರೀತಿಗೇ 'ಫೈಲ್ ಫಾರ್ಮ್ಯಾಟ್' ಅಂತ ಹೆಸರು. ಯಾವುದು ಯಾತಕ್ಕೆ ಅಂತ ಒಮ್ಮೆ ತಿಳಿದುಕೊಂಡರೆ ಕೊನೆ ಗಳಿಗೆಯ ಓಡಾಟವೂ ತಪ್ಪುತ್ತೆ, ಎರಡನೇ ಸಲ ಫ್ಲೆಕ್ಸ್ ಹಾಕಿಸುವ ಖರ್ಚೂ ಉಳಿಯುತ್ತೆ.

ಮೊದಲು ಪಿಕ್ಸೆಲ್ ಲೆಕ್ಕ

ಡಿಜಿಟಲ್ ಫೋಟೊ ಅಂದರೆ ಸಣ್ಣ ಸಣ್ಣ ಬಣ್ಣದ ಚುಕ್ಕೆಗಳ ಜೋಡಣೆ. ರಂಗೋಲಿಗೆ ಚುಕ್ಕಿ ಇಟ್ಟ ಹಾಗೆ ಸಾಲಾಗಿ ಇರುತ್ತವೆ. ಒಂದೊಂದು ಚುಕ್ಕೆಗೂ ಪಿಕ್ಸೆಲ್ ಅನ್ನುತ್ತಾರೆ. 12 ಮೆಗಾಪಿಕ್ಸೆಲ್ ಮೊಬೈಲ್ ಕ್ಯಾಮೆರಾದ ಫೋಟೊದಲ್ಲಿ ಅಡ್ಡ 4000, ಉದ್ದ 3000 ಚುಕ್ಕೆಗಳು. ಒಟ್ಟು 1 ಕೋಟಿ 20 ಲಕ್ಷ.

ಒಂದು ಚುಕ್ಕೆಯ ಬಣ್ಣ ಬರೆದಿಡಲು ಸಾಮಾನ್ಯವಾಗಿ 3 ಬೈಟ್ ಬೇಕು: ಕೆಂಪು, ಹಸಿರು, ನೀಲಿಗೆ ಒಂದೊಂದು. ಹಾಗೇ ಬರೆದರೆ ಒಂದೇ ಫೋಟೊ 36 ಎಂಬಿ ಆಗುತ್ತೆ. ಆದರೆ ಮೊಬೈಲ್‌ನಲ್ಲಿ ಅದೇ ಫೋಟೊ 3–5 ಎಂಬಿ ಮಾತ್ರ ಇರುತ್ತೆ. ಉಳಿದದ್ದು ಎಲ್ಲಿ ಹೋಯಿತು? ಅದನ್ನು ಒತ್ತಿ ಚಿಕ್ಕದು ಮಾಡಲಾಗಿದೆ. ಇದಕ್ಕೆ ಕಂಪ್ರೆಸ್ ಮಾಡುವುದು ಅನ್ನುತ್ತಾರೆ.

ಕಂಪ್ರೆಸ್ ಮಾಡಲು ಎರಡು ದಾರಿ. ಒಂದು, ಏನನ್ನೂ ಬಿಸಾಡದೆ ಅಚ್ಚುಕಟ್ಟಾಗಿ ಮಡಚಿಡುವುದು. ಬಿಚ್ಚಿದಾಗ ಇದ್ದದ್ದೆಲ್ಲ ಹಾಗೇ ಸಿಗುತ್ತೆ. ಇನ್ನೊಂದು, ಕಣ್ಣಿಗೆ ಗೊತ್ತಾಗದ ಸೂಕ್ಷ್ಮ ವಿವರಗಳನ್ನು ತೆಗೆದು ಹಾಕುವುದು; ಫೈಲ್ ತುಂಬಾ ಚಿಕ್ಕದಾಗುತ್ತೆ, ಆದರೆ ತೆಗೆದದ್ದು ಮತ್ತೆ ವಾಪಸ್ ಬರಲ್ಲ. ಮುಂದಿನ ಎಲ್ಲಾ ವಿಷಯಕ್ಕೂ ಈ ಎರಡು ದಾರಿಯೇ ಬುನಾದಿ.

ಜೆಪಿಜಿ: ಫೋಟೊಗಳ ಸಾಮಾನ್ಯ ಭಾಷೆ

ಜೆಪಿಜಿ ಎರಡನೇ ದಾರಿ ಹಿಡಿಯುವ ಫಾರ್ಮ್ಯಾಟ್. 1992ರಲ್ಲಿ ಅಂತರರಾಷ್ಟ್ರೀಯ ತಜ್ಞರ ಗುಂಪೊಂದು ರೂಪಿಸಿದ ಮಾನದಂಡ ಇದು. ಆ ಗುಂಪಿನ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರಗಳೇ ಜೆಪಿಇಜಿ. ಹಳೇ ಕಂಪ್ಯೂಟರ್‌ಗಳಲ್ಲಿ ಫೈಲ್ ಹೆಸರಿನ ಕೊನೆಗೆ ಮೂರೇ ಅಕ್ಷರ ಇಡಬಹುದಿತ್ತು, ಹಾಗಾಗಿ ಜೆಪಿಜಿ ಆಯಿತು. ಜೆಪಿಜಿ, ಜೆಪಿಇಜಿ ಎರಡೂ ಒಂದೇ. "ಜೆಪಿಇಜಿ ಕೇಳಿದ್ದಾರೆ, ನನ್ನದು ಜೆಪಿಜಿ ಇದೆ" ಅಂತ ಗಾಬರಿ ಆಗಬೇಕಿಲ್ಲ.

ಜೆಪಿಜಿ ಚಿತ್ರವನ್ನು 8 ಅಡ್ಡ, 8 ಉದ್ದ ಪಿಕ್ಸೆಲ್‌ಗಳ ಪುಟ್ಟ ಚೌಕಗಳಾಗಿ ಕತ್ತರಿಸಿಕೊಂಡು, ಪ್ರತಿ ಚೌಕದಲ್ಲೂ ಕಣ್ಣು ಗಮನಿಸದ ವಿವರ ತೆಗೆಯುತ್ತೆ. ಮುಖ, ಗದ್ದೆ, ಆಕಾಶ, ಹಬ್ಬದ ಮೆರವಣಿಗೆಯಂಥ ಫೋಟೊಗಳಲ್ಲಿ ಇದು ಗೊತ್ತೇ ಆಗಲ್ಲ. ಆದರೆ ಬಿಳಿ ಹಿನ್ನೆಲೆ ಮೇಲೆ ಕಪ್ಪು ಅಕ್ಷರ, ಲೋಗೊ, ನಕ್ಷೆಯ ಗೆರೆಗಳಂಥ ಕಡೆ ಅಂಚಿನಲ್ಲಿ ಧೂಳು ಕೂತ ಹಾಗೆ ಮಸುಕು ಬರುತ್ತೆ. ತೀರಾ ಒತ್ತಿದರೆ ಆ ಚೌಕಗಳೇ ಎದ್ದು ಕಾಣುತ್ತವೆ.

ಇನ್ನೊಂದು ಮುಖ್ಯ ವಿಷಯ: ಜೆಪಿಜಿಯನ್ನು ತೆರೆದು, ತಿದ್ದಿ, ಮತ್ತೆ ಜೆಪಿಜಿಯಾಗಿ ಸೇವ್ ಮಾಡಿದ ಪ್ರತಿ ಸಲವೂ ಸ್ವಲ್ಪ ಸ್ವಲ್ಪ ವಿವರ ಹೋಗುತ್ತೆ. ಜೆರಾಕ್ಸ್ ಪ್ರತಿಯಿಂದ ಮತ್ತೊಂದು ಜೆರಾಕ್ಸ್ ತೆಗೆದ ಹಾಗೆ. ಸುಮ್ಮನೆ ತೆರೆದು ನೋಡಿದರೆ, ಅಥವಾ ಒಂದು ಫೋಲ್ಡರ್‌ನಿಂದ ಇನ್ನೊಂದಕ್ಕೆ ಕಾಪಿ ಮಾಡಿದರೆ ಏನೂ ಆಗಲ್ಲ. ತಿದ್ದುವುದಿದ್ದರೆ ಯಾವಾಗಲೂ ಮೂಲ ಫೈಲ್ ಬದಿಗಿಟ್ಟು ಕಾಪಿಯಲ್ಲಿ ತಿದ್ದುವುದು ಒಳ್ಳೆಯದು.

ಪಿಎನ್‌ಜಿ: ಲೋಗೊಗೆ, ಅಕ್ಷರಕ್ಕೆ, ಕ್ಯೂಆರ್ ಕೋಡ್‌ಗೆ

ಪಿಎನ್‌ಜಿ ಮಡಚಿಡುವ ದಾರಿಯದು. ಎಷ್ಟು ಸಲ ಸೇವ್ ಮಾಡಿದರೂ ಗುಣಮಟ್ಟ ಕೆಡಲ್ಲ. 1996ರಲ್ಲಿ ಬಂತು. ಅದಕ್ಕೂ ಮುಂಚೆ ಇದ್ದ ಜಿಐಎಫ್ ಫಾರ್ಮ್ಯಾಟ್‌ನ ಒಳಗಿನ ತಂತ್ರಕ್ಕೆ ಪೇಟೆಂಟ್ ಹಕ್ಕಿನ ತಕರಾರು ಎದ್ದಿದ್ದರಿಂದ, ಯಾರ ಹಂಗೂ ಇಲ್ಲದ ಫಾರ್ಮ್ಯಾಟ್ ಬೇಕು ಅಂತ ತಯಾರಾದದ್ದು.

ಇದರ ದೊಡ್ಡ ಅನುಕೂಲ ಪಾರದರ್ಶಕ ಹಿನ್ನೆಲೆ. ಅಂಗಡಿ ಲೋಗೊವನ್ನು ಪಿಎನ್‌ಜಿಯಲ್ಲಿ ಇಟ್ಟುಕೊಂಡರೆ ಹಳದಿ ಬ್ಯಾನರ್ ಮೇಲೂ ಕೆಂಪು ಕ್ಯಾರಿ ಬ್ಯಾಗ್ ಮೇಲೂ ಹಿಂದಿನ ಬಿಳಿ ಡಬ್ಬಿ ಇಲ್ಲದೆ ಕೂರುತ್ತೆ. ಅದೇ ಲೋಗೊವನ್ನು ಜೆಪಿಜಿ ಮಾಡಿದ ಕೂಡಲೇ ಪಾರದರ್ಶಕತೆ ಹೋಗಿ ಬಿಳಿ ಅಥವಾ ಕಪ್ಪು ಹಿನ್ನೆಲೆ ಬಂದು ಬಿಡುತ್ತೆ. ಕಡಿಮೆ ಅಂದರೆ, ಫೋಟೊಗಳನ್ನು ಪಿಎನ್‌ಜಿ ಮಾಡಿದರೆ ಫೈಲ್ ಜೆಪಿಜಿಗಿಂತ ಎಷ್ಟೋ ದೊಡ್ಡದಾಗುತ್ತೆ.

ಪಾವತಿಯ ಕ್ಯೂಆರ್ ಕೋಡ್ ಪ್ರಿಂಟ್ ಹಾಕಿಸುವ ಅಂಗಡಿಯವರು ಗಮನಿಸಬೇಕು. ಆ್ಯಪ್‌ನಿಂದ ನೇರವಾಗಿ ಡೌನ್‌ಲೋಡ್ ಮಾಡಿದ ಪಿಎನ್‌ಜಿ ಅಥವಾ ಪಿಡಿಎಫ್ ಫೈಲನ್ನೇ ಪ್ರಿಂಟ್‌ಗೆ ಕೊಡಬೇಕು. 1994ರಲ್ಲಿ ಜಪಾನ್‌ನಲ್ಲಿ ಹುಟ್ಟಿದ ಈ ಕೋಡ್‌ಗೆ ಸ್ವಲ್ಪ ಭಾಗ ಹರಿದರೂ, ಕೊಳೆಯಾದರೂ ಓದಿಸಿಕೊಳ್ಳುವ ಶಕ್ತಿ ಇದೆ ನಿಜ. ಆದರೆ ನಾಲ್ಕು ಗ್ರೂಪ್ ಸುತ್ತಿ ಬಂದ ಮಸುಕು ಚಿತ್ರವನ್ನು ಚಿಕ್ಕದಾಗಿ ಅಚ್ಚು ಹಾಕಿಸಿದರೆ, ಹಳೇ ಮೊಬೈಲ್‌ಗಳು ಓದಲು ಪರದಾಡುತ್ತವೆ. ಸುತ್ತ ಇರುವ ಬಿಳಿ ಅಂಚನ್ನೂ ಕತ್ತರಿಸಬಾರದು. ಕೋಡ್ ಎಲ್ಲಿ ಶುರುವಾಗುತ್ತೆ ಅಂತ ಸ್ಕ್ಯಾನರ್‌ಗೆ ಗೊತ್ತಾಗುವುದೇ ಆ ಅಂಚಿನಿಂದ.

ಐಫೋನ್‌ನ ಹೆಚ್‌ಇಐಸಿ, ಗೂಗಲ್‌ನ ವೆಬ್‌ಪಿ

'ಫೋಟೊ ಓಪನ್ ಆಗ್ತಿಲ್ಲ' ಅನ್ನುವ ದೂರಿನ ಹಿಂದೆ ಹೆಚ್ಚಾಗಿ ಇರುವುದು ಈ ಇಬ್ಬರು.

2017ರ ಐಒಎಸ್ 11ರಿಂದ ಐಫೋನ್‌ಗಳು ಫೋಟೊವನ್ನು ಹೆಚ್‌ಇಐಸಿ ಫಾರ್ಮ್ಯಾಟ್‌ನಲ್ಲಿ ಸೇವ್ ಮಾಡುತ್ತಿವೆ. ಅದೇ ಗುಣಮಟ್ಟ, ಆದರೆ ಜೆಪಿಜಿಯ ಸುಮಾರು ಅರ್ಧ ಜಾಗ. ಕೆಲವು ಆಂಡ್ರಾಯ್ಡ್ ಮೊಬೈಲ್‌ಗಳಲ್ಲೂ ಈ ಆಯ್ಕೆ ಇದೆ. ಮೊಬೈಲ್‌ಗೆ ಇದು ಲಾಭ, ಆದರೆ ಹಳೇ ವಿಂಡೋಸ್ ಕಂಪ್ಯೂಟರ್‌ಗಳಲ್ಲಿ ತೆರೆಯಲ್ಲ, ಅರ್ಜಿ ತೆಗೆದುಕೊಳ್ಳುವ ಬಹುತೇಕ ವೆಬ್‌ಸೈಟ್‌ಗಳೂ ಒಪ್ಪಲ್ಲ. ಐಫೋನ್ ಇರುವವರು ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ, ಅದರೊಳಗೆ ಫಾರ್ಮ್ಯಾಟ್ಸ್‌ಗೆ ಹೋಗಿ 'ಮೋಸ್ಟ್ ಕಂಪ್ಯಾಟಿಬಲ್' ಆಯ್ಕೆ ಮಾಡಿದರೆ ಮುಂದಿನ ಫೋಟೊಗಳು ಜೆಪಿಜಿಯಲ್ಲೇ ಬರುತ್ತವೆ.

ವೆಬ್‌ಪಿ 2010ರಲ್ಲಿ ಗೂಗಲ್ ತಂದ ಫಾರ್ಮ್ಯಾಟ್. ವೆಬ್‌ಸೈಟ್ ಬೇಗ ತೆರೆಯಲಿ ಅಂತ ಮಾಡಿದ್ದು. ಇಂಟರ್‌ನೆಟ್‌ನಿಂದ ದೇವರ ಚಿತ್ರವನ್ನೋ ಸಾಮಾನಿನ ಚಿತ್ರವನ್ನೋ ಡೌನ್‌ಲೋಡ್ ಮಾಡಿದಾಗ ಕೊನೆಗೆ ವೆಬ್‌ಪಿ ಅಂತ ಇರುವುದು ಇದಕ್ಕೇ. ವಾಟ್ಸ್‌ಆ್ಯಪ್ ಸ್ಟಿಕ್ಕರ್‌ಗಳೂ ವೆಬ್‌ಪಿ ಫೈಲ್‌ಗಳೇ. ಪ್ರಿಂಟ್‌ಗೆ ಬೇಕಿದ್ದರೆ ಕಂಪ್ಯೂಟರ್‌ನಲ್ಲಿ ತೆರೆದು ಪಿಎನ್‌ಜಿ ಅಥವಾ ಜೆಪಿಜಿಯಾಗಿ ಸೇವ್ ಮಾಡಬೇಕು.

ಇಲ್ಲಿ ಅನೇಕರು ಒಂದು ಅಡ್ಡದಾರಿ ಹಿಡಿಯುತ್ತಾರೆ. ಫೈಲ್ ಹೆಸರಿನ ಕೊನೆಯಲ್ಲಿ ಹೆಚ್‌ಇಐಸಿ ಅಳಿಸಿ ಜೆಪಿಜಿ ಅಂತ ಟೈಪ್ ಮಾಡುತ್ತಾರೆ. ಇದರಿಂದ ಏನೂ ಪ್ರಯೋಜನ ಇಲ್ಲ. ಅಕ್ಕಿ ಮೂಟೆ ಮೇಲೆ ರಾಗಿ ಅಂತ ಬರೆದರೆ ಒಳಗಿರುವುದು ರಾಗಿ ಆಗಲ್ಲ. ಪ್ರತಿ ಫೈಲ್‌ನ ಆರಂಭದ ಬೈಟ್‌ಗಳಲ್ಲೇ ಅದರ ನಿಜವಾದ ಜಾತಿ ಬರೆದಿರುತ್ತೆ. ವೆಬ್‌ಸೈಟ್ ಅದನ್ನು ನೋಡಿದರೆ ಸಿಕ್ಕಿಬೀಳುತ್ತೆ. 'ಸೇವ್ ಆ್ಯಸ್' ಅಥವಾ 'ಎಕ್ಸ್‌ಪೋರ್ಟ್' ಒತ್ತಿ ಫಾರ್ಮ್ಯಾಟ್ ಬದಲಿಸುವುದೇ ಸರಿಯಾದ ದಾರಿ.

ಅಪರೂಪಕ್ಕೆ ಸಿಗುವವು

ಜಿಐಎಫ್: 1987ರಲ್ಲಿ ಬಂತು. ಒಂದು ಚಿತ್ರಕ್ಕೆ 256 ಬಣ್ಣ ಮಾತ್ರ, ಆದ್ದರಿಂದ ಫೋಟೊಗೆ ಆಗಿಬರಲ್ಲ. ದೀಪ ಉರಿಯುವ, ಹೂ ಉದುರುವ ಹಬ್ಬದ ಶುಭಾಶಯದ ಚಲಿಸುವ ಚಿತ್ರಗಳಿಗೆ ಇಂದಿಗೂ ಬಳಕೆಯಲ್ಲಿದೆ.

ಬಿಎಂಪಿ: ವಿಂಡೋಸ್‌ನ ಹಳೇ ಫಾರ್ಮ್ಯಾಟ್. ಸಾಮಾನ್ಯವಾಗಿ ಕಂಪ್ರೆಸ್ ಆಗಿರಲ್ಲ, ಫೈಲ್ ಭಾರಿ ದೊಡ್ಡದು. ಈಗ ಬೇಕಾಗುವುದು ಕಡಿಮೆ.

ಟಿಐಎಫ್ಎಫ್: ಪ್ರಿಂಟಿಂಗ್ ಪ್ರೆಸ್‌ನವರಿಗೆ, ದಾಖಲೆ ಕಾಪಾಡುವವರಿಗೆ ಇಷ್ಟವಾದದ್ದು. ಗುಣಮಟ್ಟ ಕಳೆಯದೆ ಇಡಬಹುದು, ಅಚ್ಚಿನ ಬಣ್ಣಗಳನ್ನೂ ಹಿಡಿದಿಡಬಲ್ಲದು.

ರಾ: ದೊಡ್ಡ ಕ್ಯಾಮೆರಾಗಳ ಹಸಿ ಫೈಲ್. ಕ್ಯಾನನ್‌ನಲ್ಲಿ ಸಿಆರ್2, ಸಿಆರ್3, ನಿಕಾನ್‌ನಲ್ಲಿ ಎನ್ಇಎಫ್, ಸೋನಿಯಲ್ಲಿ ಎಆರ್‌ಡಬ್ಲ್ಯು ಅಂತ ಇರುತ್ತೆ. ಸ್ಟುಡಿಯೊದವರು ಬೆಳಕು, ಬಣ್ಣ ಸರಿಮಾಡಲು ಬಳಸುತ್ತಾರೆ. ಮದುವೆ ಮನೆಯವರು ಕೇಳಿ ಪಡೆಯಬೇಕಾದದ್ದು ಪೂರ್ತಿ ಸೈಜಿನ ಜೆಪಿಜಿ. ಆಲ್ಬಂ ಒಂದನ್ನೇ ಪಡೆದು ಸುಮ್ಮನಾಗಬಾರದು.

ಅಂಗಡಿ ಲೋಗೊ ಇದ್ದರೆ ಸಿಡಿಆರ್ ಕೇಳಿ ಪಡೆಯಿರಿ

ಇಲ್ಲಿಯವರೆಗಿನವು ಚುಕ್ಕೆಗಳ ಫೈಲ್. ಎಳೆದು ದೊಡ್ಡದು ಮಾಡಿದರೆ ಚುಕ್ಕೆಯೂ ದೊಡ್ಡದಾಗಿ ಚಿತ್ರ ಒಡೆಯುತ್ತೆ. ಇನ್ನೊಂದು ಜಾತಿ ಇದೆ, ಅದಕ್ಕೆ ವೆಕ್ಟರ್ ಅನ್ನುತ್ತಾರೆ. ಅದರಲ್ಲಿ ಚುಕ್ಕೆ ಇರಲ್ಲ; 'ಇಲ್ಲಿಂದ ಇಲ್ಲಿಗೆ ಇಷ್ಟು ಬಾಗಿದ ಗೆರೆ, ಒಳಗೆ ಈ ಬಣ್ಣ' ಅನ್ನುವ ಲೆಕ್ಕ ಇರುತ್ತೆ. ಆದ್ದರಿಂದ ವಿಸಿಟಿಂಗ್ ಕಾರ್ಡ್‌ಗೂ ನಲವತ್ತು ಅಡಿ ಬೋರ್ಡ್‌ಗೂ ಒಂದೇ ಫೈಲ್ ಸಾಕು. ಅಂಚು ಕೂದಲೆಳೆಯಷ್ಟೂ ಮಸುಕಾಗಲ್ಲ.

ನಮ್ಮ ಕಡೆಯ ಡಿಟಿಪಿ, ಫ್ಲೆಕ್ಸ್ ಅಂಗಡಿಗಳಲ್ಲಿ ಹೆಚ್ಚು ಚಾಲ್ತಿಯಲ್ಲಿರುವುದು ಕೋರೆಲ್‌ಡ್ರಾ. ಅದರ ಫೈಲೇ ಸಿಡಿಆರ್. ಎಐ, ಎಸ್‌ವಿಜಿ ಕೂಡ ವೆಕ್ಟರ್ ಫೈಲ್‌ಗಳು. ಲೋಗೊ ಮಾಡಿಸಿದ ದಿನವೇ ಡಿಸೈನರ್ ಹತ್ತಿರ ಸಿಡಿಆರ್, ಪಿಡಿಎಫ್ ಮತ್ತು ಪಾರದರ್ಶಕ ಪಿಎನ್‌ಜಿ ಮೂರನ್ನೂ ಪಡೆದು ಇಮೇಲ್‌ನಲ್ಲೂ ಪೆನ್‌ಡ್ರೈವ್‌ನಲ್ಲೂ ಇಟ್ಟುಕೊಳ್ಳಬೇಕು. ನಾಲ್ಕು ವರ್ಷ ಬಿಟ್ಟು ಹೋದಾಗ ಆ ಅಂಗಡಿ ಮುಚ್ಚಿರಬಹುದು, ಹಾರ್ಡ್ ಡಿಸ್ಕ್ ಕೆಟ್ಟಿರಬಹುದು. ಆಗ ಹಳೇ ಬೋರ್ಡ್‌ನ ಫೋಟೊ ನೋಡಿ ಲೋಗೊವನ್ನು ಮತ್ತೆ ಬರೆಸಬೇಕಾಗುತ್ತೆ, ದುಡ್ಡೂ ಮತ್ತೆ ಕೊಡಬೇಕು.

ಜೆಪಿಜಿ ಚಿತ್ರವನ್ನು ಕೋರೆಲ್‌ಡ್ರಾದಲ್ಲಿ ತಂದು ಸಿಡಿಆರ್ ಅಂತ ಸೇವ್ ಮಾಡಿದರೆ ಅದು ವೆಕ್ಟರ್ ಆಗಲ್ಲ. ಒಳಗೆ ಅದೇ ಮಸುಕು ಚಿತ್ರ ಕೂತಿರುತ್ತೆ. ತುಂಬಾ ಜೂಮ್ ಮಾಡಿ ನೋಡಿದರೆ ಗೊತ್ತಾಗುತ್ತೆ: ಚುಕ್ಕೆ ಕಂಡರೆ ಫೋಟೊ, ಗೆರೆ ನುಣುಪಾಗಿದ್ದರೆ ವೆಕ್ಟರ್.

ಕನ್ನಡ ಅಕ್ಷರದ ವಿಷಯದಲ್ಲಿ ಇನ್ನೊಂದು ಎಚ್ಚರ. ನುಡಿ, ಬರಹದ ಹಳೇ ಫಾಂಟ್‌ಗಳಲ್ಲಿ ಮಾಡಿದ ಸಿಡಿಆರ್ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ 'ಶ್ರೀ' ಇದ್ದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಬರುತ್ತೆ. ಕ್ಯಾಲೆಂಡರ್ ಶಿವಕಾಶಿಯಲ್ಲಿ ಅಚ್ಚಾಗುವಾಗ ಅಲ್ಲಿ ಕನ್ನಡ ಓದಿ ತಪ್ಪು ಹಿಡಿಯುವವರು ಇರುತ್ತಾರೆ ಅಂತ ನಂಬಿ ಕೂರಲಾಗದು. ಅದಕ್ಕೇ ಹೊರಗೆ ಕಳಿಸುವ ಮುಂಚೆ ಅಕ್ಷರಗಳನ್ನು 'ಕರ್ವ್' ಮಾಡಿಸಬೇಕು. ಕೋರೆಲ್‌ಡ್ರಾದಲ್ಲಿ ಕಂಟ್ರೋಲ್ ಕ್ಯೂ ಒತ್ತಿದರೆ ಅಕ್ಷರ ಚಿತ್ರವಾಗಿ ಬದಲಾಗುತ್ತೆ. ಕರ್ವ್ ಆದ ಮೇಲೆ ಕಾಗುಣಿತ ತಿದ್ದಲು ಆಗಲ್ಲ, ಹಾಗಾಗಿ ಕರ್ವ್ ಆಗದ ಪ್ರತಿಯೂ ಒಂದು ಇರಲಿ. ಹೊಸ ಕೋರೆಲ್‌ಡ್ರಾದ ಫೈಲ್ ಹಳೆಯದರಲ್ಲಿ ತೆರೆಯಲ್ಲ, ಪ್ರೆಸ್‌ನವರು ಯಾವ ವರ್ಷನ್ ಬಳಸುತ್ತಾರೆ ಅಂತ ಮೊದಲೇ ಕೇಳಿ ಅದರಲ್ಲೇ ಸೇವ್ ಮಾಡಿಸಬೇಕು.

ಪ್ರಿಂಟ್‌ಗೆ ಎಷ್ಟು ಪಿಕ್ಸೆಲ್ ಬೇಕು?

ಕೈಯಲ್ಲಿ ಹಿಡಿದು ನೋಡುವ ಲಗ್ನಪತ್ರಿಕೆ, ಕಾರ್ಡ್, ಫೋಟೊಗೆ ಇಂಚಿಗೆ 300 ಚುಕ್ಕೆ ಬೇಕು ಅನ್ನುವುದು ರೂಢಿ. ಇದನ್ನೇ 300 ಡಿಪಿಐ ಅನ್ನುತ್ತಾರೆ. ದೂರದಿಂದ ನೋಡುವ ಫ್ಲೆಕ್ಸ್‌ಗೆ 72ರಿಂದ 100 ಇದ್ದರೂ ನಡೆಯುತ್ತೆ. ಇಂಚನ್ನು ಡಿಪಿಐಯಿಂದ ಗುಣಿಸಿದರೆ ಬೇಕಾದ ಪಿಕ್ಸೆಲ್ ಸಿಗುತ್ತೆ.

- ಪಾಸ್‌ಪೋರ್ಟ್ ಸೈಜ್ ಫೋಟೊ (3.5 × 4.5 ಸೆಂ.ಮೀ.): 413 × 531 ಪಿಕ್ಸೆಲ್
- ವಿಸಿಟಿಂಗ್ ಕಾರ್ಡ್ (3.5 × 2 ಇಂಚು): 1050 × 600 ಪಿಕ್ಸೆಲ್
- ಎ4 ಹಾಳೆ: 2480 × 3508 ಪಿಕ್ಸೆಲ್
- 6 × 4 ಅಡಿ ಫ್ಲೆಕ್ಸ್ (72 ಡಿಪಿಐ): 5184 × 3456 ಪಿಕ್ಸೆಲ್

ಈಗ 1600 ಪಿಕ್ಸೆಲ್ ಅಗಲದ ಫೋಟೊವನ್ನು 6 ಅಡಿಗೆ, ಅಂದರೆ 72 ಇಂಚಿಗೆ ಎಳೆದರೆ ಇಂಚಿಗೆ 22 ಚುಕ್ಕೆ ಮಾತ್ರ ಸಿಗುತ್ತೆ. ಮುಖ ಯಾಕೆ ಮಸುಕಾಯಿತು ಅನ್ನುವುದಕ್ಕೆ ಇದೇ ಉತ್ತರ. ಫೋಟೊವನ್ನು ಕಂಪ್ಯೂಟರ್‌ನಲ್ಲಿ ಎಳೆದು '300 ಡಿಪಿಐ' ಅಂತ ನಮೂದಿಸಿದರೆ ಇಲ್ಲದ ವಿವರ ಹೊಸದಾಗಿ ಹುಟ್ಟಲ್ಲ.

ಬಣ್ಣದ ಬಗ್ಗೆ ಒಂದು ಮಾತು. ಮೊಬೈಲ್ ಪರದೆ ಕೆಂಪು, ಹಸಿರು, ನೀಲಿ ಬೆಳಕಿನಿಂದ ಬಣ್ಣ ತೋರಿಸುತ್ತೆ. ಪ್ರೆಸ್‌ನಲ್ಲಿ ನೀಲಿ, ಗುಲಾಬಿ, ಹಳದಿ, ಕಪ್ಪು ಇಂಕಿನಿಂದ ಅಚ್ಚಾಗುತ್ತೆ. ಪರದೆಯ ಮೇಲಿನ ಥಳಥಳ ಹಸಿರು, ನೀಲಿ ಕಾಗದದ ಮೇಲೆ ಅಷ್ಟೇ ಹೊಳೆಯಲ್ಲ. ದೊಡ್ಡ ಆರ್ಡರ್ ಇದ್ದರೆ ಮೊದಲು ಒಂದು ಸ್ಯಾಂಪಲ್ ಪ್ರಿಂಟ್ ನೋಡುವುದು ವಾಸಿ.

ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗ

ವಾಟ್ಸ್‌ಆ್ಯಪ್ ಫೋಟೊ ಬೇಗ ಹೋಗಲಿ ಅಂತ ಪಿಕ್ಸೆಲ್ ಕಡಿಮೆ ಮಾಡಿ, ಮತ್ತಷ್ಟು ಕಂಪ್ರೆಸ್ ಮಾಡಿ ಕಳಿಸುತ್ತೆ. 2023ರಲ್ಲಿ ಬಂದ ಹೆಚ್‌ಡಿ ಆಯ್ಕೆ ಒತ್ತಿದರೆ ಸ್ವಲ್ಪ ಮೇಲು, ಆದರೆ ಅಲ್ಲೂ ಕಂಪ್ರೆಸ್ ಇದ್ದೇ ಇದೆ. ಪ್ರಿಂಟ್‌ಗೆ ಕಳಿಸುವಾಗ ಅಟ್ಯಾಚ್ ಗುರುತು ಒತ್ತಿ, 'ಡಾಕ್ಯುಮೆಂಟ್' ಆಯ್ಕೆ ಮಾಡಿ ಅಲ್ಲಿಂದ ಫೋಟೊ ಆರಿಸಬೇಕು. ಆಗ ಫೈಲ್ ಇದ್ದದ್ದು ಇದ್ದ ಹಾಗೇ ಹೋಗುತ್ತೆ. ಇಮೇಲ್, ಗೂಗಲ್ ಡ್ರೈವ್, ಪೆನ್‌ಡ್ರೈವ್ ಕೂಡ ಸರಿಯೇ. ಹಾಗಂತ ಮೊದಲೇ ಫಾರ್ವರ್ಡ್ ಆಗಿ ಬಂದು ಚಿಕ್ಕದಾದ ಫೋಟೊವನ್ನು ಡಾಕ್ಯುಮೆಂಟ್ ಮಾಡಿ ಕಳಿಸಿದರೆ ಉಪಯೋಗ ಇಲ್ಲ. ಫೋಟೊ ತೆಗೆದವರ ಮೊಬೈಲ್‌ನಿಂದಲೇ ಬರಬೇಕು. ಫೋಟೊದ ಸ್ಕ್ರೀನ್‌ಶಾಟ್ ತೆಗೆದು ಕಳಿಸುವುದಂತೂ ಬೇಡವೇ ಬೇಡ.

ಡಾಕ್ಯುಮೆಂಟ್ ಆಗಿ ಕಳಿಸುವುದರಲ್ಲಿ ಒಂದು ಸೂಕ್ಷ್ಮ ಇದೆ. ಮೊಬೈಲ್ ಫೋಟೊದ ಒಳಗೆ ತೆಗೆದ ದಿನ, ಸಮಯ, ಮೊಬೈಲ್ ಮಾಡೆಲ್, ಲೊಕೇಶನ್ ಆನ್ ಇದ್ದರೆ ಜಾಗದ ಗುರುತು ಕೂಡ ಅಡಗಿರುತ್ತೆ. ಮಾಮೂಲಿ ಫೋಟೊ ಆಗಿ ಕಳಿಸಿದರೆ ವಾಟ್ಸ್‌ಆ್ಯಪ್ ಇದನ್ನು ತೆಗೆದು ಹಾಕುತ್ತೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಉಳಿಯುತ್ತೆ. ಫ್ಲೆಕ್ಸ್ ಅಂಗಡಿಗೆ ಕಳಿಸಲು ಚಿಂತೆ ಇಲ್ಲ. ಗೊತ್ತಿಲ್ಲದವರಿಗೆ ಮನೆಯಲ್ಲಿ ತೆಗೆದ ಫೋಟೊ ಕಳಿಸುವಾಗ ನೆನಪಿರಲಿ.

ಆನ್‌ಲೈನ್ ಅರ್ಜಿ: 50 ಕೆಬಿಗೆ ಇಳಿಸುವುದು ಹೇಗೆ?

ಬ್ಯಾಂಕ್ ನೇಮಕಾತಿ ನಡೆಸುವ ಐಬಿಪಿಎಸ್‌ನ ಅಧಿಸೂಚನೆಗಳನ್ನೇ ಉದಾಹರಣೆಗೆ ನೋಡಬಹುದು. ಅಲ್ಲಿ ಫೋಟೊ 200 × 230 ಪಿಕ್ಸೆಲ್, 20ರಿಂದ 50 ಕೆಬಿ. ಸಹಿ 140 × 60 ಪಿಕ್ಸೆಲ್, 10ರಿಂದ 20 ಕೆಬಿ. ಎರಡೂ ಜೆಪಿಜಿ ಅಂತ ಕೇಳುತ್ತಾ ಬಂದಿದ್ದಾರೆ. ಬೇರೆ ಬೇರೆ ಅರ್ಜಿಗೆ ಅಳತೆ ಬೇರೆ, ಆಯಾ ವರ್ಷದ ಅಧಿಸೂಚನೆಯನ್ನೇ ನೋಡಬೇಕು.

ತಪ್ಪು ಆಗುವುದು ಎಲ್ಲಿ ಅಂದರೆ, 4000 × 3000 ಪಿಕ್ಸೆಲ್ ಫೋಟೊವನ್ನು ಹಾಗೇ ಇಟ್ಟು ಕೆಬಿ ಮಾತ್ರ ಇಳಿಸುವುದು. 50 ಕೆಬಿ ಅಂದರೆ ಸುಮಾರು 50 ಸಾವಿರ ಬೈಟ್. ಅದನ್ನು 1 ಕೋಟಿ 20 ಲಕ್ಷ ಚುಕ್ಕೆಗೆ ಹಂಚಿದರೆ 240 ಚುಕ್ಕೆಗೆ ಒಂದು ಬೈಟ್ ಸಿಗುತ್ತೆ. ಮುಖ ಚೌಕ ಚೌಕವಾಗಿ ಒಡೆಯುತ್ತೆ. ಅದೇ ಫೋಟೊವನ್ನು ಮೊದಲು ಮುಖ, ಭುಜದವರೆಗೆ ಕ್ರಾಪ್ ಮಾಡಿ, 200 × 230ಕ್ಕೆ ರೀಸೈಜ್ ಮಾಡಿದರೆ ಇರುವುದು 46 ಸಾವಿರ ಚುಕ್ಕೆ. ಒಂದೊಂದಕ್ಕೂ ಒಂದು ಬೈಟ್‌ಗಿಂತ ಹೆಚ್ಚು ಸಿಗುತ್ತೆ, ಫೋಟೊ ಸ್ಪಷ್ಟವಾಗಿ ನಿಲ್ಲುತ್ತೆ.

ಹಾಗಾಗಿ ಕ್ರಮ ಹೀಗಿರಲಿ: ಮೊದಲು ಕ್ರಾಪ್, ಆಮೇಲೆ ಪಿಕ್ಸೆಲ್ ಇಳಿಸುವುದು, ಕೊನೆಗೆ ಜೆಪಿಜಿಯಾಗಿ ಸೇವ್. ವಿಂಡೋಸ್‌ನ ಪೇಂಟ್‌ನಲ್ಲೇ ಇಷ್ಟೂ ಆಗುತ್ತೆ. ಕನಿಷ್ಠ ಮಿತಿಯೂ ಇರುವುದರಿಂದ ಫೈಲ್ 20 ಕೆಬಿಗಿಂತ ಚಿಕ್ಕದಾದರೂ ತಿರಸ್ಕಾರ ಆಗಬಹುದು. ಆಗ ಸ್ವಲ್ಪ ಹೆಚ್ಚು ಗುಣಮಟ್ಟದಲ್ಲಿ ಮತ್ತೆ ಸೇವ್ ಮಾಡಬೇಕು. ಸಹಿಯನ್ನು ಬಿಳಿ ಹಾಳೆ ಮೇಲೆ ಕಪ್ಪು ಪೆನ್ನಿನಲ್ಲಿ ಮಾಡಿ, ಹಗಲು ಬೆಳಕಿನಲ್ಲಿ ನೆರಳು ಬೀಳದಂತೆ ಫೋಟೊ ತೆಗೆದರೆ ಚೆನ್ನಾಗಿ ಬರುತ್ತೆ.

'ಫೋಟೊ ಸೈಜ್ ಕಮ್ಮಿ ಮಾಡಿ' ಅನ್ನುವ ಊರು ಪೇರು ಇಲ್ಲದ ವೆಬ್‌ಸೈಟ್‌ಗಳಿಗೆ ಆಧಾರ್, ಸಹಿ, ಬ್ಯಾಂಕ್ ಪಾಸ್‌ಬುಕ್ ಹಾಕಬಾರದು. ಆ ಕಡೆ ಯಾರು ಇಟ್ಟುಕೊಳ್ಳುತ್ತಾರೋ ಗೊತ್ತಾಗಲ್ಲ. ಸೈಬರ್ ಸೆಂಟರ್‌ನಲ್ಲಿ ಕೆಲಸ ಮುಗಿದ ಮೇಲೆ ಡೆಸ್ಕ್‌ಟಾಪ್, ಡೌನ್‌ಲೋಡ್ಸ್ ಫೋಲ್ಡರ್, ರೀಸೈಕಲ್ ಬಿನ್ ಮೂರರಿಂದಲೂ ಫೈಲ್ ಅಳಿಸಿಸಿ ಬರುವುದು ಅಭ್ಯಾಸವಾಗಲಿ.

ಪಹಣಿ, ಅಂಕಪಟ್ಟಿ, ಕ್ರಯಪತ್ರಕ್ಕೆ ಪಿಡಿಎಫ್

ಪಿಡಿಎಫ್ ನಿಜವಾಗಿ ಚಿತ್ರದ ಫಾರ್ಮ್ಯಾಟ್ ಅಲ್ಲ, ಪುಟದ ಫಾರ್ಮ್ಯಾಟ್. 1993ರಲ್ಲಿ ಅಡೋಬಿ ಕಂಪನಿ ತಂದದ್ದು. ಹತ್ತು ಪುಟದ ದಾಖಲೆ ಒಂದೇ ಫೈಲ್‌ನಲ್ಲಿ ಕ್ರಮವಾಗಿ ಇರುತ್ತೆ, ಯಾವ ಕಂಪ್ಯೂಟರ್‌ನಲ್ಲಿ ತೆರೆದರೂ ಹಾಗೇ ಕಾಣುತ್ತೆ. ಆನ್‌ಲೈನ್‌ನಲ್ಲೇ ಸಿಕ್ಕಿದ ಪಿಡಿಎಫ್ ಇದ್ದರೆ ಅದನ್ನೇ ಇಟ್ಟುಕೊಳ್ಳಬೇಕು. ಅದನ್ನು ಪ್ರಿಂಟ್ ತೆಗೆದು, ಮತ್ತೆ ಮೊಬೈಲ್‌ನಲ್ಲಿ ಫೋಟೊ ಹೊಡೆದು ಪಿಡಿಎಫ್ ಮಾಡಿದರೆ ಅಕ್ಷರ ಮಸುಕಾಗುತ್ತೆ, ಮೂಲ ಫೈಲ್‌ನಲ್ಲಿದ್ದ ಡಿಜಿಟಲ್ ಸಹಿಯೂ ಕಳೆದುಹೋಗುತ್ತೆ.

ಕಾಗದದ ದಾಖಲೆ ಸ್ಕ್ಯಾನ್ ಮಾಡಿಸುವಾಗ 300 ಡಿಪಿಐ ಕೇಳಬೇಕು. ಮುಗಿದ ಮೇಲೆ ಸರ್ವೆ ನಂಬರ್, ವಿಸ್ತೀರ್ಣ, ಮೊತ್ತ, ತಾರೀಖುಗಳನ್ನು ಮೂಲದ ಜೊತೆ ಹೋಲಿಸಿ ನೋಡಬೇಕು. ಇದು ಅತಿ ಎಚ್ಚರ ಅಲ್ಲ. 2013ರಲ್ಲಿ ಜರ್ಮನಿಯ ಕಂಪ್ಯೂಟರ್ ತಜ್ಞ ಡೇವಿಡ್ ಕ್ರೀಸೆಲ್ ಒಂದು ಬೆಚ್ಚಿ ಬೀಳಿಸುವ ಸಂಗತಿ ಬಯಲಿಗೆ ತಂದರು. ಕಟ್ಟಡದ ನಕ್ಷೆಯೊಂದನ್ನು ಕಚೇರಿಯ ದೊಡ್ಡ ಸ್ಕ್ಯಾನರ್‌ನಲ್ಲಿ ಸ್ಕ್ಯಾನ್ ಮಾಡಿದಾಗ ಬೇರೆ ಬೇರೆ ಅಳತೆಯ ಮೂರು ಕೋಣೆಗಳೂ 14.13 ಚದರ ಮೀಟರ್ ಅಂತ ತೋರಿಸುತ್ತಿದ್ದವು. ಬೇರೆ ಕಾಗದಗಳಲ್ಲಿ 6 ಇದ್ದದ್ದು 8 ಆಗಿತ್ತು. ಕಾರಣ, ಜೆಬಿಐಜಿ2 ಅನ್ನುವ ಕಂಪ್ರೆಸ್ ವಿಧಾನ. ಒಂದೇ ಥರ ಕಾಣುವ ಅಕ್ಷರಗಳನ್ನು ಒಂದೇ ಸಲ ಇಟ್ಟುಕೊಂಡು ಎಲ್ಲಾ ಕಡೆ ಅದನ್ನೇ ಅಂಟಿಸುವುದು ಅದರ ಕ್ರಮ. ಹೋಲಿಕೆ ನೋಡುವುದರಲ್ಲಿ ಎಡವಿದಾಗ ಅಂಕಿಯೇ ಬದಲಾಯಿತು. ಕಂಪನಿ ಆಮೇಲೆ ಸಾಫ್ಟ್‌ವೇರ್ ಸರಿಪಡಿಸಿತು. ಮಸುಕಾಗಿದ್ದರೆ ಅನುಮಾನವಾದರೂ ಬರುತ್ತಿತ್ತು, ಇಲ್ಲಿ ಸ್ಪಷ್ಟವಾಗಿ ಅಚ್ಚಾದ ತಪ್ಪು ಅಂಕಿ ಇತ್ತು. ಜಮೀನಿನ ಕಾಗದದಲ್ಲಿ 6 ಗುಂಟೆ 8 ಗುಂಟೆ ಆದರೆ ಗತಿ ಏನು? ಅದಕ್ಕೇ ಎಷ್ಟೇ ಚೆನ್ನಾಗಿ ಸ್ಕ್ಯಾನ್ ಆಗಿದ್ದರೂ ಮೂಲ ಕಾಗದವನ್ನು ಬಿಸಾಡಬಾರದು.

ಹಿರಿಯರ ಹಳೇ ಫೋಟೊ

ಅನೇಕ ಮನೆಗಳಲ್ಲಿ ಅಜ್ಜ ಅಜ್ಜಿಯರದ್ದು ಅಂತ ಉಳಿದಿರುವುದು ಒಂದೇ ಪಾಸ್‌ಪೋರ್ಟ್ ಸೈಜ್ ಫೋಟೊ. ಹಾರ ಹಾಕುವ ದೊಡ್ಡ ಫೋಟೊ ಮಾಡಿಸುವ ಹೊತ್ತಿಗೆ ಅದೂ ಮಾಸಿರುತ್ತೆ. ಮೊಬೈಲ್‌ನಲ್ಲಿ ಫೋಟೊದ ಫೋಟೊ ಹೊಡೆಯುವ ಬದಲು ಫ್ಲಾಟ್‌ಬೆಡ್ ಸ್ಕ್ಯಾನರ್ ಇರುವ ಸ್ಟುಡಿಯೊದಲ್ಲಿ ಸ್ಕ್ಯಾನ್ ಮಾಡಿಸಬೇಕು. 1200 ಡಿಪಿಐನಲ್ಲಿ ಮಾಡಿಸಿದರೆ ಆ ಪುಟ್ಟ ಫೋಟೊದಿಂದ ಸುಮಾರು 1650 × 2130 ಪಿಕ್ಸೆಲ್ ಸಿಗುತ್ತೆ. 5 × 7 ಇಂಚಿನ ಪ್ರಿಂಟ್‌ಗೆ ಅಷ್ಟು ಸಾಕು. ಮೂಲ ಸ್ಕ್ಯಾನ್ ಟಿಐಎಫ್ಎಫ್ ಅಥವಾ ಪಿಎನ್‌ಜಿಯಲ್ಲಿ ಇರಲಿ. ತಿದ್ದುವುದು, ಬಣ್ಣ ತುಂಬುವುದು ಎಲ್ಲಾ ಕಾಪಿಯಲ್ಲಿ ಆಗಲಿ. ಫೈಲ್ ಎರಡು ಬೇರೆ ಬೇರೆ ಕಡೆ ಇರಬೇಕು. ಒಂದೇ ಮೊಬೈಲ್‌ನಲ್ಲಿದ್ದರೆ ಮೊಬೈಲ್ ಜೊತೆ ಅದೂ ಹೋಗುತ್ತೆ.

ಗೂಗಲ್ ಫೋಟೋಸ್‌ನಲ್ಲಿ ಇಡುವವರಿಗೆ 15 ಜಿಬಿ ಉಚಿತ ಜಾಗ ಸಿಗುತ್ತೆ, ಜಿಮೇಲ್, ಡ್ರೈವ್ ಕೂಡ ಅದರಲ್ಲೇ ಸೇರಿದೆ. 'ಸ್ಟೋರೇಜ್ ಸೇವರ್' ಆಯ್ಕೆ ಮಾಡಿದರೆ ಫೋಟೊ ಕಂಪ್ರೆಸ್ ಆಗುತ್ತೆ. ಮುಖ್ಯವಾದ ಫೋಟೊಗಳಿಗೆ 'ಒರಿಜಿನಲ್ ಕ್ವಾಲಿಟಿ' ಇರಲಿ.

ಚಿತ್ರ ಅಲ್ಲದ್ದನ್ನು ಒತ್ತಬೇಡಿ

ಮದುವೆ ಆಮಂತ್ರಣದ ಹೆಸರಲ್ಲಿ ವಾಟ್ಸ್‌ಆ್ಯಪ್‌ಗೆ ಬರುವ ಕೆಲವು ಫೈಲ್‌ಗಳ ಕೊನೆಗೆ ಎಪಿಕೆ ಅಂತ ಇರುತ್ತೆ. ಅದು ಫೋಟೊವೂ ಅಲ್ಲ, ಪಿಡಿಎಫ್ ಕೂಡ ಅಲ್ಲ. ಮೊಬೈಲ್‌ಗೆ ಇಳಿಯುವ ಆ್ಯಪ್. ಇನ್‌ಸ್ಟಾಲ್ ಮಾಡಿದರೆ ಮೊಬೈಲ್‌ಗೆ ಬರುವ ಒಟಿಪಿ ಮೆಸೇಜ್‌ಗಳು ವಂಚಕರ ಕೈ ಸೇರಿ ಬ್ಯಾಂಕ್ ಖಾತೆ ಬರಿದಾಗಬಹುದು. ನಿಜವಾದ ಆಮಂತ್ರಣ ಜೆಪಿಜಿ, ಪಿಡಿಎಫ್ ಅಥವಾ ವಿಡಿಯೊ ಆಗಿ ಬರುತ್ತೆ. ಫೈಲ್ ಹೆಸರಿನ ಕೊನೆಯ ಅಕ್ಷರ ಓದುವ ಅಭ್ಯಾಸ ಇದ್ದರೆ ಈ ಬಲೆಯಿಂದ ತಪ್ಪಿಸಿಕೊಳ್ಳಬಹುದು. ಗೊತ್ತಿರುವವರ ನಂಬರ್‌ನಿಂದ ಬಂದಿದ್ದರೂ ಫೋನ್ ಮಾಡಿ ವಿಚಾರಿಸಬೇಕು. ದುಡ್ಡು ಹೋದರೆ ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡಬೇಕು.

ಒಂದೇ ನೋಟದಲ್ಲಿ

- ಮಾಮೂಲಿ ಫೋಟೊ, ಆನ್‌ಲೈನ್ ಅರ್ಜಿ: ಜೆಪಿಜಿ
- ಲೋಗೊ, ಕ್ಯೂಆರ್ ಕೋಡ್, ಅಕ್ಷರ ಇರುವ ಚಿತ್ರ: ಪಿಎನ್‌ಜಿ
- ಬೋರ್ಡ್, ಫ್ಲೆಕ್ಸ್, ಕ್ಯಾಲೆಂಡರ್ ಡಿಸೈನ್: ಸಿಡಿಆರ್ (ಕರ್ವ್ ಮಾಡಿದ್ದು) ಅಥವಾ ಪಿಡಿಎಫ್
- ಪಹಣಿ, ಅಂಕಪಟ್ಟಿ, ಕ್ರಯಪತ್ರ: ಪಿಡಿಎಫ್
- ಹಳೇ ಫೋಟೊದ ಮೂಲ ಸ್ಕ್ಯಾನ್: ಟಿಐಎಫ್ಎಫ್ ಅಥವಾ ಪಿಎನ್‌ಜಿ
- ಗೂಗಲ್ ಮ್ಯಾಪ್‌ನಲ್ಲಿ ಅಂಗಡಿ ಫೋಟೊ: ಜೆಪಿಜಿ ಅಥವಾ ಪಿಎನ್‌ಜಿ, 5 ಎಂಬಿ ಒಳಗೆ, ಕನಿಷ್ಠ 720 × 720 ಪಿಕ್ಸೆಲ್ ಇದ್ದರೆ ಒಳ್ಳೆಯದು
- ಹೆಚ್‌ಇಐಸಿ, ವೆಬ್‌ಪಿ ಸಿಕ್ಕಿದರೆ: ತೆರೆದು ಜೆಪಿಜಿ ಅಥವಾ ಪಿಎನ್‌ಜಿಯಾಗಿ ಸೇವ್ ಮಾಡಿ ಬಳಸುವುದು
- ಎಪಿಕೆ: ಮುಟ್ಟಬಾರದು

ದೊಡ್ಡ ಫೈಲ್‌ನಿಂದ ಚಿಕ್ಕದು ಯಾವಾಗ ಬೇಕಾದರೂ ಮಾಡಿಕೊಳ್ಳಬಹುದು, ಚಿಕ್ಕದರಿಂದ ದೊಡ್ಡದು ಮಾಡಲು ಆಗಲ್ಲ. ಇದೊಂದು ನೆನಪಿದ್ದರೆ ಮೂಲ ಫೈಲ್ ಜೋಪಾನ ಮಾಡುವ ಬುದ್ಧಿ ತಾನಾಗೇ ಬರುತ್ತೆ. ಅರ್ಜಿ ಹಾಕುವವರು ಫೋಟೊ, ಸಹಿಯನ್ನು ಕೊನೆಯ ದಿನಕ್ಕೆ ಬಿಡದೆ ಅಧಿಸೂಚನೆ ಬಂದ ವಾರದಲ್ಲೇ ಸರಿಯಾದ ಅಳತೆಗೆ ಮಾಡಿಟ್ಟುಕೊಂಡರೆ, ಸರ್ವರ್ ನಿಧಾನ ಇದ್ದರೂ ನೆಮ್ಮದಿಯಿಂದ ಇರಬಹುದು.